ಜಗಲಿಯಿಂದ ತೊಡಗುವ ಪ್ರವಾಸ

ಮಲೆನಾಡಿನ ಹಳ್ಳಿಮನೆಯೊಂದರಲ್ಲಿ ಎರಡು ದಿನ ಇದ್ದು ಬನ್ನಿ ಎಂದು ನಾನು ಯಾರಿಗಾದರೂ ಹೇಳಿದರೆ, ಅವರು ಮೊದಲು ಕೇಳುವುದು, “ಅಲ್ಲಿ ಸುತ್ತಮುತ್ತ ನೋಡುವುದಕ್ಕೆ ಏನೇನಿದೆ?” ಎಂದು. ಪ್ರಶ್ನೆ ಸಹಜವಾದುದೇ. ಹಣ ಕೊಟ್ಟು ತಂಗುವವರು ಹೊತ್ತು ಕಳೆಯುವ ಬಗೆಯನ್ನೂ ತಿಳಿದುಕೊಳ್ಳಬೇಕಷ್ಟೆ. ಆ ಪ್ರಶ್ನೆಗೆ ತೀರ್ಥಹಳ್ಳಿಯ ಸೀಮೆಯನ್ನು ಮುಂದಿಟ್ಟುಕೊಂಡು ನನಗೆ ತೋಚಿದ ಉತ್ತರವನ್ನು ಈ ಹೊತ್ತು ತಮ್ಮೆದುರು ಇಡುತ್ತೇನೆ.

ಮೊದಲು ಹೆಸರಿನ ಮಾತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆಯವರೇ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು, ಬೆಳಗಿನ ಉಪಾಹಾರವನ್ನೂ ಒದಗಿಸುವ ಪದ್ಧತಿಗೆ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಎನ್ನುತ್ತಾರೆ. ನಮ್ಮಲ್ಲಿ ಅದು ‘ಹೋಂಸ್ಟೇ’ ಎಂದು ರೂಢಿಯಾಗಿದೆ. ಭಾರತ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯ ಇಂಥ ಮನೆಗಳನ್ನು ಚಿನ್ನ, ಬೆಳ್ಳಿ ಎಂದು ಎರಡು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಕೋಣೆಗಳು ಆರನ್ನು ಮೀರಕೂಡದು; ಯಜಮಾನನ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಈ ಎರಡನೆಯ ನಿಯಮವೇ ಮುಖ್ಯವಾದುದು. ಮನೆಯವರು ಇಲ್ಲದ ಮನೆ ಬರಿಯ ಹೋಟೆಲು. ಆದುದರಿಂದ ತಂಗುಮನೆಯಲ್ಲಿ ನೋಡತಕ್ಕ ಮೊದಲನೆಯ ಸ್ಥಳ ಆ ಮನೆಯೇ ಎಂಬುದು ನನ್ನ ಅಭಿಪ್ರಾಯ.

ಕಾರ್ತಿಕ ಮಾಸದಲ್ಲಿ ಒಮ್ಮೆ ನಾನೂ ನನ್ನ ಹೆಂಡತಿಯೂ ತೀರ್ಥಹಳ್ಳಿಗೆ ಹತ್ತಿರದ ಒಂದು ಮನೆಯಲ್ಲಿ ಎರಡು ರಾತ್ರಿ ತಂಗಿದ್ದೆವು. ಅಡಕೆ ಕೊಯ್ಲಿನ ಕಾಲ. ಸಂಜೆಯಾಗುತ್ತಲೇ ಜಗಲಿಯ ಮೇಲೆ ಹಸಿ ಅಡಕೆಯ ರಾಶಿ ಬಿತ್ತು. ಮೆಟ್ಟುಗತ್ತಿಗಳ ಮುಂದೆ ನೆರೆಹೊರೆಯವರು ಸಾಲಾಗಿ ಕುಳಿತರು. ಸುಲಿಯುವ ಯಂತ್ರಗಳು ಬಂದಿದ್ದರೂ ಈ ಸಾಲು ಇನ್ನೂ ಪೂರ್ತಿ ಅಳಿದಿಲ್ಲ. ನಾನೂ ಕೈಹಾಕಿದೆ. ಅವರು ಒಂದು ಬುಟ್ಟಿ ತುಂಬುವಷ್ಟರಲ್ಲಿ ನಾನು ಹತ್ತು ಕಾಯಿ ಸುಲಿದಿದ್ದೆನೋ ಏನೋ! ಬೆರಳಿಗೆ ಹತ್ತಿದ ಕಲೆ ಮಾತ್ರ ವಾರಗಟ್ಟಲೆ ಉಳಿಯಿತು. ಸುಲಿದ ಅಡಕೆಯನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ ಒಣಗಿಸುತ್ತಾರೆ. ಕಾಯಿಯ ಎಳಸು, ಬಲಿತಗಳನ್ನು ನೋಡಿ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸುತ್ತಾರೆ. ಪತ್ರಿಕೆಯ ಪೇಟೆಧಾರಣೆಯಲ್ಲಿ ನಾನು ಎಷ್ಟೋ ವರ್ಷ ಓದಿದ್ದ ಆ ನಾಲ್ಕು ಶಬ್ದಗಳ ಅರ್ಥ ನನಗೆ ತಿಳಿದದ್ದು ಆ ಜಗಲಿಯ ಮೇಲೆ.

ಬೆಳಗಿನ ಹೊತ್ತಿನ ಕೆಲಸವೂ ಹೀಗೆಯೇ. ಹಂಡೆಯ ನೀರು ಕಾಯುವವರೆಗೆ ತೋಟದಲ್ಲಿ ಒಂದು ಸುತ್ತು ಹಾಕಿ ಬರಬಹುದು. ಬಾಲದ ತುದಿಗೆ ಎರಡು ಹುಟ್ಟುಗಳನ್ನು ಕಟ್ಟಿಕೊಂಡಂತೆ ಹಾರುವ ಕಾಜಾಣವನ್ನೂ, ರೆಕ್ಕೆಯ ಸದ್ದಿನಿಂದಲೇ ತನ್ನ ಬರವನ್ನು ಸಾರುವ ಮಂಗಟ್ಟೆಯನ್ನೂ ಕಾಣಬಹುದು. ಹಿಂದಿರುಗಿದರೆ ಕಡುಬೋ ಅಕ್ಕಿರೊಟ್ಟಿಯೋ ಕಾದಿರುತ್ತದೆ. ಮಳೆಗಾಲವಾದರೆ ಕಳಲೆಯ ಪಲ್ಯ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ನೆನೆಹಾಕಿ, ಅದರ ವಿಷದ ಅಂಶವನ್ನು ಕಳೆದ ಮೇಲೆಯೇ ಒಲೆಗೆ ಏರಿಸುವುದು. ಇಂಥದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ವಿನಯದಿಂದ ಕೇಳಿದರೆ ಹೇಳದ ಗೃಹಿಣಿಯನ್ನು ನಾನು ಕಂಡಿಲ್ಲ.

ಇನ್ನು ಹೊರಗಿನ ಸ್ಥಳಗಳು. ದಿನಕ್ಕೆ ಒಂದೇ ದಿಕ್ಕು ಎಂದು ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ಒಂದು ದಿನ ಕುಪ್ಪಳಿ. ೧೯೦೪ರಲ್ಲಿ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಕುವೆಂಪು ಬೆಳೆದದ್ದು ಕುಪ್ಪಳಿಯ ಮನೆಯಲ್ಲಿ. ಈಗ ‘ಕವಿಮನೆ’ ಎಂಬ ಸ್ಮಾರಕವಾಗಿರುವ ಆ ಮನೆಯ ಉಪ್ಪರಿಗೆ, ಒಳಾಂಗಳ, ಅಡುಗೆಮನೆಗಳನ್ನು ನೋಡಿದವರಿಗೆ ಮಲೆನಾಡಿನ ದೊಡ್ಡಮನೆಯ ಬದುಕು ಹೇಗಿದ್ದಿತೆಂಬುದು ಮನದಟ್ಟಾಗುತ್ತದೆ. ೧೯೯೪ರಲ್ಲಿ ತೀರಿಕೊಂಡ ಕವಿಯ ಸಮಾಧಿ ಮೇಲಿನ ಕವಿಶೈಲದಲ್ಲಿದೆ. ತಂಗಿದ ಮನೆಯನ್ನು ಮೊದಲು ಚೆನ್ನಾಗಿ ನೋಡಿಕೊಂಡು ಬಂದವರಿಗೆ ಕವಿಮನೆ ಹೆಚ್ಚು ಅರ್ಥವಾಗುತ್ತದೆ. ಒಲೆ ಉರಿಯುವ ಮನೆಯೊಂದನ್ನು ಕಂಡ ಕಣ್ಣು ಒಲೆ ಆರಿದ ಮನೆಯನ್ನೂ ತುಂಬಿಕೊಳ್ಳಬಲ್ಲದು.

ಇನ್ನೊಂದು ದಿನ ಕವಲೇದುರ್ಗ. ಗದ್ದೆಗಳ ನಡುವೆ ಸಾಗಿ ಕಲ್ಲುಹಾಸಿನ ದಾರಿಯಲ್ಲಿ ಏರಿದರೆ ಕೆಳದಿ ನಾಯಕರ ಸುತ್ತುಸುತ್ತಿನ ಕೋಟೆ, ಅರಮನೆಯ ತಳಪಾಯ, ದೇವಾಲಯಗಳು. ಕುಡಿಯುವ ನೀರನ್ನು ಜೊತೆಯಲ್ಲಿಯೇ ಒಯ್ಯಬೇಕು. ಆ ವಂಶದ ರಾಣಿ ಚೆನ್ನಮ್ಮ ೧೬೮೯ರಲ್ಲಿ, ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ತನ್ನ ಸೀಮೆಯಲ್ಲಿ ಆಶ್ರಯ ಕೊಟ್ಟಳು. ಅದಕ್ಕಾಗಿ ಮೊಗಲರ ದಾಳಿಯನ್ನೂ ಎದುರಿಸಿದಳು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಆ ರಾಜ್ಯ ಮುಗಿಯಿತು. ಬಂದವನನ್ನು ಕೈಬಿಡದ ಆ ಕತೆಯನ್ನು ಈ ಸೀಮೆ ಮರೆತಿಲ್ಲ.

ಮೂರನೆಯ ದಿನ ಉಳಿದಿದ್ದರೆ ಆಗುಂಬೆಯ ದಿಕ್ಕು. ಹೋಗುವ ದಾರಿಯಲ್ಲಿ ಕವಲೊಡೆದು ಏರಿದರೆ, ಕುಂದಕುಂದಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡಿರುವ ಕುಂದಾದ್ರಿಯೂ ಅದರ ತುದಿಯ ಪಾರ್ಶ್ವನಾಥ ಬಸದಿಯೂ ಸಿಗುತ್ತವೆ. ಆಗುಂಬೆಯ ಸೂರ್ಯಾಸ್ತ ಮಳೆ ಕಳೆದು ಆಕಾಶ ತಿಳಿಯಾದ ತಿಂಗಳುಗಳಿಗೆ ಸೇರಿದ್ದು. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರಿನಲ್ಲಿ ಆಷಾಢದ ಹೊತ್ತಿಗೆ ಸೂರ್ಯನನ್ನು ಹುಡುಕಿ ಹೋದವರು ಮೋಡವನ್ನು ನೋಡಿ ಬರಬೇಕಾಗುತ್ತದೆ. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದ ದೊಡ್ಡಮನೆ ಈ ಊರಿನಲ್ಲಿದೆ.

ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಮಳೆಗಾಲದಲ್ಲಿ ಕಾಡುದಾರಿಯಲ್ಲಿ ಇಂಬಳಗಳ ಕಾಟ. ಅವು ರಕ್ತ ಹೀರಿದರೂ ಜೀವಕ್ಕೆ ಅಪಾಯವಿಲ್ಲ. ಪಾಚಿಗಟ್ಟಿದ ಜಲಪಾತದ ಬಂಡೆಗಳು ಹಾಗಲ್ಲ, ಪ್ರಾಣವನ್ನೇ ತೆಗೆಯಬಲ್ಲವು. ಬೇಸಗೆಗೆ ಬೇರೆಯೇ ಭಯ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಮನೆಯ ಯಜಮಾನರು “ಈಗ ಆ ಕಾಡಿಗೆ ಬೇಡ” ಎಂದರೆ ಮರುಮಾತಾಡದೆ ಕೇಳುವುದು ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ತಿಥಿಯನ್ನು ಗೊತ್ತುಮಾಡದೆ ಬಂದವನು ಅತಿಥಿ ಎಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಈಗ ತಿಥಿ, ವಾರ, ಬಾಡಿಗೆಗಳನ್ನೆಲ್ಲ ದೂರವಾಣಿಯಲ್ಲಿ ಗೊತ್ತುಮಾಡಿಕೊಂಡು ಬಂದಿದ್ದೆ. ಬಾಲ್ಯದಲ್ಲಿ ಇದೇ ಸೀಮೆಯ ಮನೆಯೊಂದರಲ್ಲಿ ಎರಡು ವರ್ಷ ಉಂಡು ಶಾಲೆಗೆ ಹೋದವನಿಗೆ, ಉಂಡ ಜಗಲಿಯ ಮೇಲೆ ಹಣ ಎಣಿಸುವುದು ಸುಲಭವಾಗಿರಲಿಲ್ಲ. ನನ್ನ ಸಂಕೋಚವನ್ನು ಯಜಮಾನರು ಕಂಡುಕೊಂಡರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ತೋಟಕ್ಕೆ ಎಲೆಚುಕ್ಕೆ ರೋಗ, ಅಷ್ಟು ದೊಡ್ಡ ಮನೆಯಲ್ಲಿ ಗಂಡ ಹೆಂಡಿರಿಬ್ಬರೇ. “ಅನ್ನಕ್ಕೆ ದುಡ್ಡು ತಗೊಳ್ಳೋದಿಲ್ಲ ಮೇಷ್ಟ್ರೇ,” ಎಂದರು ಅವರು. “ಮಾಡಿನ ಹೆಂಚಿಗೆ ಅಂತ ತಿಳ್ಕೊಂಡು ಕೊಡಿ.”

ನಾನು ಕೊಟ್ಟೆ. ಮಾಡು ಸೋರುವ ಮನೆ ಎರಡು ಮಳೆಗಾಲಕ್ಕೆ ಕುಸಿಯುತ್ತದೆ ಎಂಬುದನ್ನು ಬಲ್ಲೆ. ನಾನು ಉಂಡು ಬೆಳೆದ ಆ ಮನೆ ಹಾಗೆಯೇ ಹೋಯಿತು. ತಂಗುಮನೆಯ ಆದಾಯ ಇಂಥ ಹಲವು ಮಾಡುಗಳನ್ನು ನಿಲ್ಲಿಸೀತು. ಆದರೆ ರಾತ್ರಿಯಿಡೀ ಸಂಗೀತದ ಗದ್ದಲವೆಬ್ಬಿಸಿ, ತೋಟದಲ್ಲಿ ಬಾಟಲಿ ಒಡೆದು, ಯಜಮಾನರನ್ನು ಆಳಿನಂತೆ ಕರೆಯುವವರು ಬಂದರೆ, ಹೆಂಚು ಉಳಿದೀತು, ಮನೆ ಉಳಿಯದು.

ಆದಕಾರಣ ಹೋಗುವವರಿಗೆ ನನ್ನ ವಿಜ್ಞಾಪನೆ ಇಷ್ಟು. ನೋಡುವ ಸ್ಥಳಗಳ ಪಟ್ಟಿಯನ್ನು ಊರಿನಲ್ಲೇ ಸಿದ್ಧಮಾಡಿಕೊಂಡು ಹೋಗಬೇಡಿ. ಹೋದ ದಿನ ಸಂಜೆ ಜಗಲಿಯ ಮೇಲೆ ಕುಳಿತು ಮನೆಯವರನ್ನೇ ಕೇಳಿ. ಒಂದು ಹೊತ್ತನ್ನಾದರೂ ಎಲ್ಲಿಗೂ ಹೋಗದೆ ಕಳೆಯಿರಿ. ಹೊರಡುವಾಗ ಹಣವನ್ನು ಯಜಮಾನರ ಕೈಗೆ ಕೊಟ್ಟು, ಮನೆಯಾಕೆಗೆ “ಹೋಗಿಬರುತ್ತೇವೆ ಅಮ್ಮ” ಎಂದು ಹೇಳಿ ಬನ್ನಿ. ನಾವು ಹಾಗೆ ಹೇಳಿದಾಗ ಆಕೆ ಒಳಗೆ ಹೋಗಿ ಅಪ್ಪೆಮಿಡಿಯ ಉಪ್ಪಿನಕಾಯಿಯ ಒಂದು ಸಣ್ಣ ಭರಣಿಯನ್ನು ತಂದು ನನ್ನ ಹೆಂಡತಿಯ ಕೈಯಲ್ಲಿಟ್ಟರು. ಅದರ ಬೆಲೆಯನ್ನು ನಾನು ಕೇಳಲಿಲ್ಲ.