ಶುಗರ್ ಬಾರ್ಡರ್‌ನಲ್ಲಿದ್ದರೆ ಮನೆಗೆ ಮೀಟರ್ ಬೇಕೇ?

‘ಶುಗರ್ ಬಾರ್ಡರ್‌ನಲ್ಲಿದೆ. ಸದ್ಯಕ್ಕೆ ಮಾತ್ರೆ ಬೇಡ, ಊಟದಲ್ಲಿ ಹಿಡಿತವಿರಲಿ, ದಿನಾ ನಡೆಯಿರಿ.’ ವೈದ್ಯರು ಹೀಗೆ ಹೇಳಿ ಕಳಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಊಟ, ನಡಿಗೆಗಿಂತ ಮೊದಲು ಮಾತಿಗೆ ಬರುವುದು ಗ್ಲೂಕೋಮೀಟರ್. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಇಷ್ಟು ಜನರ ಬೆರಳಿಗೂ ಜೇಬಿಗೂ ಸಂಬಂಧಿಸಿದ ಪ್ರಶ್ನೆಯಾದ್ದರಿಂದ ಈ ಯಂತ್ರದ ಒಳಗುಟ್ಟನ್ನು ಸ್ವಲ್ಪ ನೋಡೋಣ.

ಬುದ್ಧಿಯೆಲ್ಲ ಇರುವುದು ಸ್ಟ್ರಿಪ್‌ನಲ್ಲಿ. ಅದರ ತುದಿಗೆ ಬೆರಳು ತಾಗಿಸಿದೊಡನೆ ಒಂದು ಕಿರುಗಾಲುವೆ ರಕ್ತವನ್ನು ತಾನಾಗಿ ಹೀರಿಕೊಳ್ಳುತ್ತದೆ. ಒಳಗೆ ಒಣಗಿದ ಸ್ಥಿತಿಯಲ್ಲಿ ಕಿಣ್ವವೊಂದು ಕಾದಿರುತ್ತದೆ. ಅನೇಕ ಸ್ಟ್ರಿಪ್‌ಗಳಲ್ಲಿ ಅದು ಗ್ಲೂಕೋಸ್ ಆಕ್ಸಿಡೇಸ್. ಆಸ್ಪರ್ಜಿಲ್ಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ತಯಾರಾಗುವಂಥದ್ದು. ಗ್ಲೂಕೋಸ್‌ನಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುವುದು ಅದರ ಕೆಲಸ. ಕಿತ್ತ ಎಲೆಕ್ಟ್ರಾನ್‌ಗಳನ್ನು ಇನ್ನೊಂದು ರಾಸಾಯನಿಕ ಹೊತ್ತು ವಿದ್ಯುದ್ವಾರಕ್ಕೆ ತಲುಪಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಹರಿಯುವ ವಿದ್ಯುತ್ ಹೆಚ್ಚು. ಮೀಟರ್ ಅದನ್ನಳೆದು ಕೆಲವೇ ಸೆಕೆಂಡುಗಳಲ್ಲಿ ಅಂಕಿಯಾಗಿ ತೋರಿಸುತ್ತದೆ. ಕಿಣ್ವ ಹಚ್ಚಿದ ವಿದ್ಯುದ್ವಾರದ ಕಲ್ಪನೆಯನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಮುಂದಿಟ್ಟದ್ದು 1962ರಲ್ಲಿ. ಅದು ಪೆನ್ನಿನ ಗಾತ್ರದ ಮೀಟರ್ ಆಗಿ ಜನರ ಕೈಸೇರಲು 1987 ಬರಬೇಕಾಯಿತು.

ಅದ್ಭುತ ಯಂತ್ರ, ನಿಜ. ಆದರೆ ಅದಕ್ಕೊಂದು ಮಿತಿಯಿದೆ. ಐಎಸ್‌ಒ ಸಂಸ್ಥೆಯ 2013ರ ಮಾನದಂಡದಂತೆ, ಸಕ್ಕರೆ 100 ಮಿ.ಗ್ರಾಂ. ಅಥವಾ ಅದಕ್ಕಿಂತ ಮೇಲಿದ್ದಾಗ ನೂರರಲ್ಲಿ 95 ಅಳತೆಗಳು ಲ್ಯಾಬ್ ಫಲಿತಾಂಶಕ್ಕಿಂತ ಶೇ 15ರಷ್ಟು ಆಚೀಚೆಯೊಳಗೆ ಬಂದರೆ ಆ ಮೀಟರ್ ಪಾಸು. ಇದನ್ನು ಬಾರ್ಡರ್‌ನವರ ಲೆಕ್ಕಕ್ಕೆ ಹಾಕಿ ನೋಡಿ. ಲ್ಯಾಬಿನಲ್ಲಿ ಖಾಲಿಹೊಟ್ಟೆಯ ಸಕ್ಕರೆ 110 ಎಂದಿರಲಿ. ಒಳ್ಳೆಯ ಮೀಟರ್ ಕೂಡ ಅದನ್ನು 94 ಎಂದು ತೋರಿಸಬಹುದು, 126 ಎಂದೂ ತೋರಿಸಬಹುದು. ನಮ್ಮ ವೈದ್ಯರು ಸಾಮಾನ್ಯವಾಗಿ ಬಳಸುವ ಅಳತೆಗೋಲಿನಲ್ಲಿ 100ಕ್ಕಿಂತ ಕಡಿಮೆಯಾದರೆ ಆರೋಗ್ಯ, 100ರಿಂದ 125 ಬಾರ್ಡರ್, 126 ಮುಟ್ಟಿದರೆ ಮಧುಮೇಹ. ಅಂದರೆ ಮೀಟರ್‌ನ ತಪ್ಪಿನ ಅಗಲವೇ ಬಾರ್ಡರ್‌ನ ಅಗಲಕ್ಕಿಂತ ಹೆಚ್ಚು! ನಿನ್ನೆ 103, ಇಂದು 117 ಎಂದು ಕಂಗಾಲಾಗುವವರಿಗೆ ಯಾರಾದರೂ ಇದನ್ನು ಕೂರಿಸಿಕೊಂಡು ಹೇಳಬೇಕು. ‘ನನಗೆ ಶುಗರ್ ಬಂತೇ, ಬರಲಿಲ್ಲವೇ’ ಎಂಬ ಪ್ರಶ್ನೆಗೆ ಉತ್ತರಿಸುವ ಶಕ್ತಿ ಈ ಯಂತ್ರಕ್ಕಿಲ್ಲ.

ಮೀಟರ್ ಇಟ್ಟುಕೊಂಡ ಮಾತ್ರಕ್ಕೆ ಸಕ್ಕರೆ ಇಳಿಯುವುದೂ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳದ 450 ಮಧುಮೇಹಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ಬೆರಳು ಚುಚ್ಚಿಕೊಂಡವರಿಗೂ ಚುಚ್ಚಿಕೊಳ್ಳದವರಿಗೂ ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಧುಮೇಹಿಗಳಿಗೇ ಹೀಗಿದ್ದರೆ ಹೊಸ್ತಿಲಲ್ಲಿರುವವರಿಗೆ ನಿತ್ಯದ ಚುಚ್ಚಾಟ ಏಕೆ? ಅವರಿಗೆ ಏನು ಕೆಲಸ ಮಾಡುತ್ತದೆಂಬುದಕ್ಕೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರ 2006ರ ಅಧ್ಯಯನ ಪುರಾವೆ ಕೊಟ್ಟಿದೆ. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ನಡಿಗೆ ಮತ್ತು ಊಟದ ಬದಲಾವಣೆಯನ್ನು ಪಾಲಿಸಿದವರಲ್ಲಿ ಆ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು.

ಹಾಗಾದರೆ ಮೀಟರ್ ಬೇಡವೇ ಬೇಡವೇ? ಒಂದು ಕೆಲಸಕ್ಕೆ ಅದನ್ನು ನಾನು ಮನಸಾರೆ ಒಪ್ಪುತ್ತೇನೆ: ನಮ್ಮ ತಟ್ಟೆಯನ್ನು ಪರೀಕ್ಷಿಸಲು. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ ಬರೆದಿಡಿ. ಇನ್ನೊಂದು ದಿನ ಅದೇ ಸಾರಿಗೆ ಅನ್ನ ಅರ್ಧ ಮಾಡಿ, ಹುರುಳಿಕಾಯಿ ಪಲ್ಯ, ಮೊಳಕೆಕಾಳು ಹೆಚ್ಚಿಸಿ ನೋಡಿ. ಮತ್ತೊಂದು ದಿನ ಉಂಡ ಮೇಲೆ ಇಪ್ಪತ್ತು ನಿಮಿಷ ನಡೆದು ನೋಡಿ. ಏರಿಕೆಯಲ್ಲಿ ನಲವತ್ತು-ಐವತ್ತರ ಅಂತರ ಮತ್ತೆ ಮತ್ತೆ ಕಂಡರೆ ಅದನ್ನು ಮೀಟರ್‌ನ ತಪ್ಪೆಂದು ತಳ್ಳಿಹಾಕಲಾಗದು. ರಾಗಿಯೆಂದರೆ ಎಷ್ಟು ತಿಂದರೂ ನಡೆಯುತ್ತದೆಂದು ನಂಬಿದವರು ದೊಡ್ಡ ಮುದ್ದೆ ಉಂಡೂ ಒಮ್ಮೆ ನೋಡಬೇಕು. ನುಣ್ಣನೆಯ ಹಿಟ್ಟು ಯಾವುದೇ ಧಾನ್ಯದ್ದಾದರೂ ಬೇಗ ಜೀರ್ಣವಾಗುತ್ತದೆ. ಎರಡು ವಾರ ಇಷ್ಟು ಮಾಡಿದರೆ ಸಾಕು, ಮೀಟರ್ ಬೀರುವಿಗೆ ಹೋಗಲಿ. ಸಂಬಂಧಿಕರದ್ದನ್ನು ಎರವಲು ತಂದರೂ ನಡೆದೀತು, ಸೂಜಿ ಮತ್ತು ಚುಚ್ಚುವ ಪೆನ್ನು ಮಾತ್ರ ನಿಮ್ಮದೇ ಆಗಿರಬೇಕು.

ಚುಚ್ಚುವ ಮುನ್ನ ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಬಾಳೆಹಣ್ಣು ಸುಲಿದ ಬೆರಳಿನ ಅಂಟೂ ಅಂಕಿಯನ್ನು ಏರಿಸುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕಿಣ್ವ ಕೆಡುತ್ತದೆ.

ರಕ್ತಹೀನತೆಯ ವಿಷಯವನ್ನಂತೂ ಹೇಳಲೇಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಅದಿದೆ. ಕೆಂಪುಕಣ ಕಡಿಮೆಯಿದ್ದಾಗ ಹಲವು ಮೀಟರ್‌ಗಳು ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತವೆ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಕೂಡ ಇರುವುದಕ್ಕಿಂತ ಮೇಲೇರಬಹುದು. ಬಾರ್ಡರ್ ಎನಿಸಿಕೊಂಡ ಹೆಂಗಸರು ಅದೇ ಲ್ಯಾಬಿನಲ್ಲಿ ಹಿಮೋಗ್ಲೋಬಿನ್ನನ್ನೂ ನೋಡಿಸಿ, ಎರಡೂ ಚೀಟಿಗಳನ್ನು ಒಟ್ಟಿಗೆ ವೈದ್ಯರ ಮುಂದಿಡಬೇಕು. ಗರ್ಭಿಣಿಯರ ಮತ್ತು ಸ್ಟೀರಾಯ್ಡ್ ಸೇವಿಸುವವರ ಲೆಕ್ಕ ಬೇರೆ. ಅವರು ಎಷ್ಟು ಸಲ ನೋಡಿಕೊಳ್ಳಬೇಕೆಂದು ವೈದ್ಯರೇ ತೀರ್ಮಾನಿಸಬೇಕು. ಉಳಿದವರಿಗೆ ವರ್ಷಕ್ಕೊಮ್ಮೆ ಲ್ಯಾಬ್ ಪರೀಕ್ಷೆ ಸಾಕು. ನಡುವೆ ಎಂದಾದರೂ ಮನೆಯ ಮೀಟರ್ 200 ದಾಟಿದ ಅಂಕಿ ತೋರಿಸಿದರೆ, ಅಥವಾ ಬಾಯಾರಿಕೆ ಹೆಚ್ಚಿ ತೂಕ ಸುಮ್ಮಸುಮ್ಮನೆ ಇಳಿಯತೊಡಗಿದರೆ, ವರ್ಷ ತುಂಬಲೆಂದು ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.