ಸಗಣಿಯಿಂದ ಎದ್ದ ಗುಡ್ಡಗಳು

ಸಂಕ್ರಾಂತಿ ಸಂಜೆ ನಮ್ಮ ಹುಣಸೂರು ಸೀಮೆಯಲ್ಲಿ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲು ಹರಡಿ ಕಿಚ್ಚು ಹಾಯಿಸುತ್ತಾರೆ. ಕಾಡಂಚಿನ ವೀರನಹೊಸಹಳ್ಳಿಯ ಕಡೆಯವರಿಗೆ ಇದು ವರ್ಷ ವರ್ಷದ ಸಡಗರ. ಉರಿ ಹಾರಿ ಓಡುವ ಜೋಡೆತ್ತು ಕಂಡವರಿಗೆ ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯ ಬೂದಿದಿಬ್ಬ ದೂರದ್ದೆನಿಸಬಾರದು.

ದಿಬ್ಬವೆಂದರೆ ಬರೀ ಸಗಣಿ. ಸುಮಾರು ಐದು ಸಾವಿರ ವರ್ಷದ ಹಿಂದೆ ದನ ಸಾಕುತ್ತಿದ್ದ ನವಶಿಲಾಯುಗದ ಜನ ದೊಡ್ಡಿಯಲ್ಲಿ ಒಟ್ಟಿದ ತಿಪ್ಪೆಗೆ ಆಗಾಗ ಬೆಂಕಿಯಿಟ್ಟರು. ಪದರದ ಮೇಲೆ ಪದರ ಬೆಂದು, ಕೆಲವೆಡೆ ಕರಗಿ ಗಾಜಿನಂತೆ ಗಟ್ಟಿಯಾಯಿತು. ಊರವರು ಇವನ್ನು ರಕ್ಕಸರ ಬೂದಿಯೆಂದರು. ಹಂಪಿ ಬಳಿಯ ನಿಂಬಾಪುರದ ರಾಶಿ ವಾಲಿಯ ಚಿತೆಯದಂತೆ! ಬ್ರಿಟಿಷರ ಕಾಲದ ಕೆಲವರು ಜ್ವಾಲಾಮುಖಿಯ ಕಸವೆಂದೂ ಊಹಿಸಿದ್ದರು. ಸಗಣಿಯೇ ಎಂದು ಪಟ್ಟು ಹಿಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅದು ಖಚಿತವಾದದ್ದು ಈಗಿನ ತೆಲಂಗಾಣದ ಉತ್ನೂರಿನಲ್ಲಿ. ಅಲ್ಲಿ 1957ರಲ್ಲಿ ಅಗೆದ ಎಫ್.ಆರ್. ಆಲ್ಚಿನ್ ಅವರಿಗೆ ಬೇಲಿಗೂಟದ ಗುಳಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. 1963ರ ಪುಸ್ತಕದಲ್ಲಿ ಅವರು ಈ ಬೆಂಕಿಯನ್ನು ದನಗಳ ಹಬ್ಬದೊಂದಿಗೆ ತಾಳೆ ಹಾಕಿದರು. ನಮ್ಮ ಕಿಚ್ಚಿನ ನೆಂಟಸ್ತಿಕೆ ಅಲ್ಲಿಂದಲೇ ಎಂದು ಸಾಧಿಸಲಾಗದು. ನನಗಂತೂ ಆ ಊಹೆ ಇಷ್ಟ. ಆಮೇಲೆ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ, ದಿಬ್ಬದ ಪಕ್ಕದಲ್ಲೇ ಮನೆ, ಕಲ್ಲಿನ ಆಯುಧದ ಕಾರ್ಖಾನೆ, ಮಾಂಸ ಕೊಯ್ಯುವ ಜಾಗ ಎಲ್ಲವನ್ನೂ ತೋರಿಸಿತು.

ಜನ ಎಬ್ಬಿಸಿದ ಗುಡ್ಡ ಜನರಿಂದಲೇ ಹಾಳಾಗುವುದು ಇಲ್ಲಿಯ ಕತೆ ಮಾತ್ರವಲ್ಲ. ಪೆರುವಿನ ಮೋಚೆ ಜನ ಕಟ್ಟಿದ ಸೂರ್ಯ ಪಿರಮಿಡ್ಡಿಗೆ 13 ಕೋಟಿಗೂ ಹೆಚ್ಚು ಹಸಿ ಇಟ್ಟಿಗೆ ಬಳಸಿದ್ದಾರೆಂಬ ಅಂದಾಜಿದೆ. ಇಟ್ಟಿಗೆಯ ಮೇಲೆ ಅಚ್ಚು ಹಾಕಿದವರ ಗುರುತೂ ಇದೆ. ಚಿನ್ನದಾಸೆಗೆ ಸ್ಪೇನಿನವರು ಹೊಳೆಯನ್ನೇ ತಿರುಗಿಸಿ ಪಿರಮಿಡ್ಡಿನ ಬಹುಪಾಲನ್ನು ಕೊಚ್ಚಿಸಿದರು. ನಮ್ಮ ದಿಬ್ಬಗಳಲ್ಲಿ ಚಿನ್ನವಿಲ್ಲ. ಆದರೂ ಹೊಲಕ್ಕೆ ಗೊಬ್ಬರವೆಂದು, ರಸ್ತೆಗೆ ಮಣ್ಣೆಂದು ಹೊತ್ತೊಯ್ದವರಿದ್ದಾರೆ. ಮಳೆಗೆ ಇಳಿದ ಮಣ್ಣುಗೋಡೆಯನ್ನು ಮತ್ತೆ ಎತ್ತಬಹುದು, ಐದು ಸಾವಿರ ವರ್ಷದ ತಿಪ್ಪೆಯನ್ನು ಎತ್ತಲಾಗದು.

ಹಂಪಿಗೆ ಹೋಗುವಾಗ ಕುಡತಿನಿಯಲ್ಲಿ ಹತ್ತು ನಿಮಿಷ ಇಳಿಯಿರಿ. ಬೂದಿಯ ಚೂರನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ.