ಹಾಡು ಕಟ್ಟುವ ಕಾರ್ಖಾನೆ

ಅಮೆರಿಕದ ಡೆಟ್ರಾಯಿಟ್ ನಗರದ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ 2648ನೇ ನಂಬರಿನ ಕಟ್ಟಡ ನೋಡಲು ಎರಡಂತಸ್ತಿನ ಸಾಧಾರಣ ಮನೆ. ಮುಂಭಾಗದಲ್ಲಿ ನೀಲಿ ಅಕ್ಷರಗಳಲ್ಲಿ ‘ಹಿಟ್ಸ್‌ವಿಲ್ ಯು.ಎಸ್.ಎ.’ ಎಂದು ಬರೆದಿದೆ. ಮೋಟೌನ್ ಸಂಗೀತ ಕಂಪನಿ ಬೆಳೆದದ್ದು ಇಲ್ಲೇ. 1985ರಿಂದ ಇದು ವಸ್ತುಸಂಗ್ರಹಾಲಯ. ಬಂದವರು ಚಾವಣಿಯಲ್ಲಿ ಕೊರೆದ ತೂತಿನ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಮೇಲಿನಿಂದ ಸದ್ದು ದುಂಡಗಾಗಿ ಮರಳಿ ಬರುತ್ತದೆ. ದುಬಾರಿ ಯಂತ್ರಕ್ಕೆ ದುಡ್ಡಿಲ್ಲದ ಕಾಲದಲ್ಲಿ ಅಟ್ಟವನ್ನೇ ಪ್ರತಿಧ್ವನಿ ಕೋಣೆ ಮಾಡಿಕೊಂಡಿದ್ದರು. ಮನೆಯ ಹಿಂದಿನ ಗ್ಯಾರೇಜೇ ಸ್ಟುಡಿಯೊ. ದಿನಕ್ಕೆ 22 ಗಂಟೆ ಅದರ ಬಾಗಿಲು ತೆರೆದಿರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸುವುದು ಅಲ್ಲಿನ ಮಿಠಾಯಿ ಯಂತ್ರ. ಗಾಯಕ ಸ್ಟೀವಿ ವಂಡರ್ ಕಂಪನಿಗೆ ಸೇರಿದ್ದು 1961ರಲ್ಲಿ, ಹನ್ನೊಂದರ ಪ್ರಾಯದಲ್ಲಿ. ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನಿಗೆ ಇಷ್ಟವಾದ ‘ಬೇಬಿ ರೂತ್’ ಚಾಕೊಲೇಟನ್ನು ಸದಾ ಬಲಗಡೆಯಿಂದ ನಾಲ್ಕನೆಯ ಖಾನೆಯಲ್ಲೇ ತುಂಬುತ್ತಿದ್ದರಂತೆ, ಬೆರಳಲ್ಲಿ ಎಣಿಸಿ ತಾನೇ ತೆಗೆದುಕೊಳ್ಳಲೆಂದು. ಯಂತ್ರ ತುಂಬುವವನಿಗೂ ಈ ಕಟ್ಟಳೆ ಗೊತ್ತಿರಬೇಕಿತ್ತು. ಒಂದು ದಿನ ಖಾನೆ ಅದಲುಬದಲಾದರೂ ಹುಡುಗನ ಕೈಗೆ ಬೇರೇನೋ ಸಿಗುತ್ತಿತ್ತು. ಬ್ಯಾಂಕಿಗೆ ಕೊಡುವ ಯಾವ ಯೋಜನಾ ವರದಿಯಲ್ಲೂ ಇಂಥ ಕಾಳಜಿಗೆ ಕಾಲಂ ಇರುವುದಿಲ್ಲ.

ಸ್ಥಾಪಕ ಬೆರ‍್ರಿ ಗಾರ್ಡಿ ಮೊದಲು ರೆಕಾರ್ಡ್ ಅಂಗಡಿ ಇಟ್ಟು ಕೈಸುಟ್ಟುಕೊಂಡವರು. ಗಿರಾಕಿಗಳು ಬ್ಲೂಸ್ ಕೇಳುತ್ತಿದ್ದರೆ ಇವರು ತಮಗಿಷ್ಟದ ಜಾಝ್ ಮಾರಲು ಹೊರಟಿದ್ದರು. ಆಮೇಲೆ ಲಿಂಕನ್–ಮರ್ಕ್ಯುರಿ ಕಾರು ಕಾರ್ಖಾನೆಯಲ್ಲಿ ಕೂಲಿ, ಜೊತೆಗೆ ಹಾಡು ಬರೆಯುವ ಕೆಲಸ. ಹಾಡು ಹಿಟ್ಟಾದರೂ ಕೈಗೆ ಬರುತ್ತಿದ್ದುದು ಚಿಲ್ಲರೆ ಕಾಸು. ಸ್ವಂತ ಕಂಪನಿ ಮಾಡುವಂತೆ ಒತ್ತಾಯಿಸಿದವರು ಗೆಳೆಯ ಸ್ಮೋಕಿ ರಾಬಿನ್ಸನ್. ಗಾರ್ಡಿ ಮನೆತನದಲ್ಲಿ ಎಲ್ಲರೂ ತಿಂಗಳು ತಿಂಗಳು ದುಡ್ಡು ಹಾಕುವ ಉಳಿತಾಯ ನಿಧಿಯಿತ್ತು. 1959ರ ಜನವರಿಯಲ್ಲಿ ಅದರಿಂದ ಸಿಕ್ಕ 800 ಡಾಲರ್ ಸಾಲವೇ ಮೂಲ ಬಂಡವಾಳ. ಸಾಲಕ್ಕೆ ಕೊಂಕು ತೆಗೆದ ಅಕ್ಕ ಎಸ್ತರ್ ಮುಂದೆ ಕಂಪನಿಯ ಉಪಾಧ್ಯಕ್ಷೆಯಾದರು. ವಸ್ತುಸಂಗ್ರಹಾಲಯ ಕಟ್ಟಿದವರೂ ಅವರೇ.

ಗಾರ್ಡಿಯವರ ಯೋಜನೆಯ ತಿರುಳು ಕಾರು ಕಾರ್ಖಾನೆಯದು. ಬರೀ ಚಾಸಿಯಾಗಿ ಒಳಹೋದದ್ದು ಹೊಸ ಕಾರಾಗಿ ಹೊರಬರುವಂತೆ, ಬೀದಿಯ ಹುಡುಗ ಹುಡುಗಿಯರು ಇನ್ನೊಂದು ಬಾಗಿಲಲ್ಲಿ ಕಲಾವಿದರಾಗಿ ಹೊರಬರಬೇಕು. ಬರೆಯುವವರು, ನುಡಿಸುವವರು, ಹಾಡುವವರು ಬೇರೆ ಬೇರೆ. ಕುಣಿತ ಕಲಿಸಲು ಚೋಲಿ ಆಟ್ಕಿನ್ಸ್, ನಡೆನುಡಿ ತಿದ್ದಲು ಮ್ಯಾಕ್ಸಿನ್ ಪೊವೆಲ್. ಸಿದ್ಧವಾದ ಹಾಡು ಗುಣಮಟ್ಟದ ಸಭೆಗೆ ಹೋಗುತ್ತಿತ್ತು; ತಡವಾಗಿ ಬಂದವರಿಗೆ ಬಾಗಿಲಿಲ್ಲ. ಕಿಸೆಯಲ್ಲಿ ಕೊನೆಯ ಡಾಲರ್ ಉಳಿದಿದ್ದರೆ ಈ ರೆಕಾರ್ಡ್ ಕೊಳ್ಳುತ್ತೀರಾ, ಸ್ಯಾಂಡ್‌ವಿಚ್ ಕೊಳ್ಳುತ್ತೀರಾ ಎಂಬುದು ಅಲ್ಲಿನ ಪರೀಕ್ಷೆ. ಹಾಡನ್ನು ಕಾರಿನ ರೇಡಿಯೊದಂಥ ಪುಟ್ಟ ಸ್ಪೀಕರಿನಲ್ಲೂ ಕೇಳಿ ನೋಡುತ್ತಿದ್ದರು. ಸಭೆ ಎಡವಿದ್ದೂ ಉಂಟು: ಅಲ್ಲಿ ತಿರಸ್ಕೃತವಾದ ಮಾರ್ವಿನ್ ಗೇ ಅವರ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ 1968ರಲ್ಲಿ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು.

ಕಲಾವಿದರಿಗೆ ಕಂಪನಿ ಕೊಟ್ಟ ನಿಜವಾದ ಆಸರೆ ಕಾಣುವುದು ‘ಸುಪ್ರೀಮ್ಸ್’ ಗಾಯಕಿಯರ ತಂಡದ ವಿಷಯದಲ್ಲಿ. ಮೊದಲು ಶಾಲೆ ಮುಗಿಸಿ ಬನ್ನಿ ಎಂದು ಹುಡುಗಿಯರನ್ನು ವಾಪಸ್ ಕಳಿಸಿದ್ದರು. ಅವರು ಬಿಡದೆ ಬಂದು ಬೇರೆಯವರ ಹಾಡಿಗೆ ಚಪ್ಪಾಳೆ ತಟ್ಟುತ್ತ, ಹಿಮ್ಮೇಳ ಹಾಡುತ್ತ ಕಾದರು. 1961ರಲ್ಲಿ ಒಪ್ಪಂದವಾಯಿತು; ಮೊದಲ ನಂಬರ್ ಒನ್ ಹಾಡು ಬಂದದ್ದು 1964ರಲ್ಲಿ. ಅಷ್ಟು ವರ್ಷ ನಷ್ಟ ತಿಂದು ಕಾಯುವ ಕಂಪನಿಗಳು ಅಪರೂಪ.

ಲೆಕ್ಕದ ಪುಸ್ತಕ ಮಾತ್ರ ಅಷ್ಟು ಉದಾರವಾಗಿರಲಿಲ್ಲ. ರೆಕಾರ್ಡಿಂಗ್ ಖರ್ಚು ಗಾಯಕರ ರಾಯಲ್ಟಿಯಿಂದಲೇ ಮುರಿದುಕೊಳ್ಳಲಾಗುತ್ತಿತ್ತು. ರೆಕಾರ್ಡ್ ಮಾರುವವರೂ ಗಾಯಕರ ಪರ ಚೌಕಾಸಿ ಮಾಡಬೇಕಾದ ಮ್ಯಾನೇಜರೂ ಒಂದೇ ಮನೆಯವರು. ಗಾಯಕರು ದೂರುವುದಾದರೂ ಯಾರಿಗೆ? ಅಪ್ರಾಪ್ತೆಯಾಗಿದ್ದಾಗ ಸಹಿ ಹಾಕಿದ್ದ ಗಾಯಕಿ ಮೇರಿ ವೆಲ್ಸ್ 21 ತುಂಬುತ್ತಲೇ ಆ ಒಪ್ಪಂದವನ್ನು ಪ್ರಶ್ನಿಸಿ ಹೊರನಡೆದರು. ಹಿಟ್ ಮೇಲೆ ಹಿಟ್ ಕೊಟ್ಟ ಹಾಲೆಂಡ್–ಡೋಜಿಯರ್–ಹಾಲೆಂಡ್ ಎಂಬ ಹಾಡು ಬರೆಯುವ ಮೂವರ ತಂಡ ಹಣದ ತಕರಾರಿನಲ್ಲಿ ಕೋರ್ಟಿಗೆ ಹೋಯಿತು. ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ‘ಫಂಕ್ ಬ್ರದರ್ಸ್’ ವಾದಕರ ಹೆಸರು ಆಲ್ಬಮ್ಮಿನ ಮೇಲೆ ಅಚ್ಚಾಗಲು 1971ರವರೆಗೆ ಕಾಯಬೇಕಾಯಿತು. ಮರುವರ್ಷ ಕಂಪನಿಯೇ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು.

ದೊಡ್ಡ ಆಸ್ತಿ ಇದ್ದದ್ದು ಬೇರೆಡೆ. ಗಾರ್ಡಿ ಶುರುವಿನಲ್ಲೇ ‘ಜೊಬೆಟ್’ ಎಂಬ ಪ್ರಕಾಶನ ಸಂಸ್ಥೆ ಕಟ್ಟಿ ಹಾಡುಗಳ ಹಕ್ಕನ್ನು ಅದರಲ್ಲಿ ಇಟ್ಟಿದ್ದರು. 1988ರಲ್ಲಿ ಮೋಟೌನ್ ಅನ್ನು 6.1 ಕೋಟಿ ಡಾಲರಿಗೆ ಮಾರಿದಾಗಲೂ ಜೊಬೆಟ್ ಬಿಟ್ಟುಕೊಡಲಿಲ್ಲ. 1997ರಲ್ಲಿ ಅದರ ಅರ್ಧ ಪಾಲಿಗೇ 13.2 ಕೋಟಿ ಡಾಲರ್ ಬಂತು.